ಆಸಿಡ್ ಹಾಕಿದ ಬಾಟಲಿ ಬೇರೆ ಲೆಕ್ಕ

ಒಂದೇ ಹಳ್ಳದ ನೀರಿಗೆ ಐಸಿಪಿಯಲ್ಲಿ (ಬಿಸಿ ಪ್ಲಾಸ್ಮಾದಲ್ಲಿ ಲೋಹ ಅಳೆಯುವ ಯಂತ್ರ) ಲೀಟರಿಗೆ 300 ಮೈಕ್ರೋಗ್ರಾಂ ಅಲ್ಯೂಮಿನಿಯಂ, ಅಲ್ಯೂಮಿನಿಯಂ ಜೊತೆ ಸೇರಿ ಬಣ್ಣ ಕೊಡುವ ಪೈರೋಕ್ಯಾಟೆಕಾಲ್ ವಯಲೆಟ್‌ನಲ್ಲಿ ಬರೀ 90. ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ ಇರಬಹುದು. ಐಸಿಪಿಗೆ ಕೊಟ್ಟ ಬಾಟಲಿಗೆ ನೈಟ್ರಿಕ್ ಆಸಿಡ್ ಹಾಕಿದ್ದಿರಿ ಅಲ್ವಾ? ಆಸಿಡ್‌ಗೆ ಕರಗಿ, ಜೇಡಿಯ ಸಣ್ಣ ಕಣಗಳಲ್ಲಿದ್ದ ಅಲ್ಯೂಮಿನಿಯಂ ಕೂಡ ಲೆಕ್ಕಕ್ಕೆ ಸೇರಿಬಿಡುತ್ತದೆ. ಬಣ್ಣದ ವಿಧಾನ ಆ ಬಣ್ಣದ ಜೊತೆ ಬೇಗ ಕೂಡಿಕೊಳ್ಳುವ ಭಾಗವನ್ನಷ್ಟೇ ಹಿಡಿಯುತ್ತದೆ.

ಆ 90ರಲ್ಲೂ ಎರಡು ಪಾಲಿದೆ. ಕೊಳೆತ ಎಲೆಯಿಂದ ಬಂದ ಹ್ಯೂಮಿಕ್ ಪದಾರ್ಥಕ್ಕೆ ಅಂಟಿದ್ದು ಒಂದು. ಬಿಡಿಯಾಗಿ, ಇಲ್ಲವೇ ಫ್ಲೋರೈಡ್, ಹೈಡ್ರಾಕ್ಸೈಡ್ ಜೊತೆ ಇರುವುದು ಇನ್ನೊಂದು. ಮೀನಿನ ಕಿವಿರಿಗೆ ಜಾಸ್ತಿ ಕಾಟ ಈ ಎರಡನೆಯದರದ್ದೇ. ಅಮೆರಿಕದ ಆಡಿರಾಂಡ್ಯಾಕ್ ಬೆಟ್ಟಗಳ ಆಸಿಡ್ ಮಳೆ ಕೆರೆಗಳ ಮೇಲೆ ಕೆಲಸ ಮಾಡಿದ ಚಾರ್ಲ್ಸ್ ಡ್ರಿಸ್ಕಾಲ್ 1984ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೇ ಇರುವುದು. ನೀರನ್ನು ಕ್ಯಾಟಯಾನ್ ರೆಸಿನ್ (ಧನ ಅಯಾನುಗಳನ್ನು ಹಿಡಿಯುವ ಸಣ್ಣ ಮಣಿಗಳು) ತುಂಬಿದ ಕೊಳವೆಯಲ್ಲಿ, ಅಂದರೆ ಕಾಲಂನಲ್ಲಿ, ಹಾಯಿಸಿ. ಎರಡನೆಯ ಪಾಲು ರೆಸಿನ್‌ನಲ್ಲಿ ಸಿಕ್ಕಿಬೀಳುತ್ತದೆ, ಮೊದಲನೆಯದು ಹೊರಬರುತ್ತದೆ. ಹೊರಬಂದದ್ದು 60 ಅಂದುಕೊಳ್ಳಿ, 90ರಲ್ಲಿ ಕಳೆದರೆ 30. ಮೀನಿಗೆ ಎಷ್ಟು ಕಾಟ ಅಂತ ತಿಳಿಯಲು ನಿಮಗೆ ಬೇಕಾದ ಅಂಕಿ ಅದು.

ರೆಸಿನ್‌ನ ಪಿಎಚ್ ನಿಮ್ಮ ನೀರಿನ ಪಿಎಚ್‌ಗೆ ಹೊಂದಬೇಕು, ಇಲ್ಲದಿದ್ದರೆ ಕಾಲಂ ಒಳಗೇ ರೂಪ ಬದಲಾಗುತ್ತದೆ. ಬಾಟಲಿ ಅಂಚಿನವರೆಗೆ ತುಂಬಿ, ಗಾಳಿಗೆ ಜಾಗ ಬಿಡಬೇಡಿ. ಕಾರ್ಬನ್ ಡೈಆಕ್ಸೈಡ್ ಹೊರಟುಹೋದರೆ ಪಿಎಚ್ ಏರುತ್ತದೆ. ನೀರು ಕೆಂಪಗಿದ್ದರೆ ಕಬ್ಬಿಣದ ಬಣ್ಣವೂ ಸೇರುತ್ತದೆ, ಕಬ್ಬಿಣವನ್ನು ಹಿಡಿದಿಡುವ ಫೆನಾಂಥ್ರೋಲಿನ್ ಹಾಕಿ ಅದನ್ನು ತಡೆಯಿರಿ.