ಗಣಕ ಪ್ರಶ್ನೋತ್ತರ: ಹೊರಗಿನ ವಿಜೆಟ್‌ಗಳು, ನಿಧಾನವಾಗುವ ತಾಣ

ಪ್ರಶ್ನೆ: ಯಕ್ಷಗಾನದ ಬಗ್ಗೆ ಬರೆಯುವ ನನ್ನ ಸ್ವಂತ ಜಾಲತಾಣದ ಮುಖಪುಟದಲ್ಲಿ ನಾಲ್ಕು ಯೂಟ್ಯೂಬ್ ವಿಡಿಯೊ, ಫೇಸ್‌ಬುಕ್ ಪುಟದ ಪೆಟ್ಟಿಗೆ, ಭೇಟಿ ಕೊಟ್ಟವರ ಸಂಖ್ಯೆ ತೋರಿಸುವ ಉಚಿತ ಕೌಂಟರ್ ಇವೆ. ಮನೆಯ ವೈಫೈನಲ್ಲಿ ತೊಂದರೆಯಿಲ್ಲ. ಲೋಕಲ್ ಟ್ರೈನಿನಲ್ಲಿ ಮೊಬೈಲಿನಲ್ಲಿ ತೆರೆದರೆ ಬಹಳ ಹೊತ್ತು ಬಿಳಿ ಪರದೆ. ಹೋಸ್ಟಿಂಗ್ ಬದಲಿಸಬೇಕೆ?
– ಓದುಗರು, ಡೊಂಬಿವಲಿ

ಉತ್ತರ: ಹೋಸ್ಟಿಂಗ್‌ಗೆ ದುಡ್ಡು ಹಾಕುವ ಮೊದಲು ಇಷ್ಟು ಮಾಡಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಪುಟ ತೆರೆದು ಎಫ್12 ಒತ್ತಿ, ‘ನೆಟ್‌ವರ್ಕ್’ ವಿಭಾಗಕ್ಕೆ ಹೋಗಿ. ‘ಡಿಸೇಬಲ್ ಕ್ಯಾಶ್’ಗೆ ಗುರುತು ಹಾಕಿ (ಬ್ರೌಸರ್ ಉಳಿಸಿಟ್ಟ ಹಳೆಯ ಪ್ರತಿ, ಅಂದರೆ ಕ್ಯಾಶ್, ಬಳಕೆಯಾಗದಿರಲಿ ಎಂದು), ವೇಗವನ್ನು ‘ಸ್ಲೋ 4ಜಿ’ಗೆ ಇಳಿಸಿ ಮತ್ತೆ ಲೋಡ್ ಮಾಡಿ. ಪಟ್ಟಿಯ ಮೊದಲ ಸಾಲು ನಿಮ್ಮದೇ ಪುಟ. ಅದು ಬೇಗ ಬಂದಿದ್ದರೆ ಹೋಸ್ಟಿಂಗ್‌ನದು ತಪ್ಪಲ್ಲ. ಕೆಳಗೆ ಕಾಣುವ ಬೇರೆ ಡೊಮೇನ್‌ಗಳ ಮೇಲೆ ಬಲ ಕ್ಲಿಕ್ ಮಾಡಿದರೆ ಆ ಡೊಮೇನನ್ನು ತಡೆಯುವ ಆಯ್ಕೆ ಸಿಗುತ್ತದೆ. ಒಂದೊಂದಾಗಿ ತಡೆದು ನೋಡಿ, ಯಾರಿಂದ ಎಷ್ಟು ತಡ ಎಂಬುದು ಕಣ್ಣಿಗೇ ಕಾಣುತ್ತದೆ.

ಬಿಳಿ ಪರದೆಗೆ ಮೊದಲು ಅನುಮಾನಿಸಬೇಕಾದದ್ದು ಕೌಂಟರನ್ನು. ‘ಅಸಿಂಕ್’ ಅಥವಾ ‘ಡಿಫರ್’ ಇಲ್ಲದ ಸ್ಕ್ರಿಪ್ಟ್ ಟ್ಯಾಗ್ ಸಿಕ್ಕಲ್ಲಿ ಬ್ರೌಸರ್ ಉಳಿದ ಎಚ್‌ಟಿಎಂಎಲ್ ಓದುವುದನ್ನು ನಿಲ್ಲಿಸುತ್ತದೆ. ಆ ಫೈಲ್ ಬಂದು, ಓಡಿ ಮುಗಿದ ಮೇಲಷ್ಟೇ ಮುಂದುವರಿಯುತ್ತದೆ. ಹೊಸ ಡೊಮೇನ್ ಎಂದರೆ ಡಿಎನ್‌ಎಸ್ ವಿಚಾರಣೆ (ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕುವುದು), ಟಿಸಿಪಿ ಸಂಪರ್ಕ (ಸರ್ವರ್ ಜೊತೆ ಕೊಂಡಿ ಬೆಸೆಯುವುದು), ಟಿಎಲ್‌ಎಸ್ ಒಪ್ಪಂದ (ಆ ಕೊಂಡಿಯನ್ನು ಸುರಕ್ಷಿತಗೊಳಿಸುವುದು) ಇಷ್ಟೂ ಆಗಬೇಕು. ಸರ್ವರ್ ಅಮೆರಿಕದಲ್ಲಿದ್ದರೆ ಮುಂಬಯಿಯಿಂದ ಒಮ್ಮೆ ಹೋಗಿಬರಲಿಕ್ಕೇ ಸುಮಾರು 200 ಮಿಲಿಸೆಕೆಂಡ್, ಅಂಥ ಹಲವು ಸುತ್ತುಗಳ ನಂತರ ಮೊದಲ ಬೈಟ್. ಆ ಸರ್ವರ್ ಕೆಟ್ಟು ನಿಂತ ದಿನ ನಿಮ್ಮ ಬರಹವೂ ಅದರ ಹಿಂದೆ ಕಾಯುತ್ತದೆ. ಅಸಿಂಕ್ ಸೇರಿಸಿದರೆ ಸಾಲದೆ ಎಂದರೆ, ‘ಡಾಕ್ಯುಮೆಂಟ್ ಡಾಟ್ ರೈಟ್’ ಬಳಸುವ ಹಳೆಯ ಕೌಂಟರ್‌ಗಳು ಆಗ ಏನನ್ನೂ ಮೂಡಿಸುವುದಿಲ್ಲ.

ಕೌಂಟರನ್ನು ತೆಗೆದೇಬಿಡಿ ಎಂಬುದು ನಮ್ಮ ಸಲಹೆ. ವೇಗಕ್ಕಿಂತ ದೊಡ್ಡ ಕಾರಣವೂ ಇದೆ: ಹೊರಗಿನ ಸ್ಕ್ರಿಪ್ಟ್ ನಿಮ್ಮ ಪುಟದಲ್ಲಿ ಏನನ್ನು ಬೇಕಾದರೂ ಬದಲಿಸಬಲ್ಲದು. ಪಾಲಿಫಿಲ್ ಡಾಟ್ ಐಒ ಎಂಬ, ಹಳೆಯ ಬ್ರೌಸರ್‌ಗಳಿಗೆ ನೆರವಾಗುವ ಸ್ಕ್ರಿಪ್ಟ್ ಕೊಡುತ್ತಿದ್ದ ಜನಪ್ರಿಯ ಡೊಮೇನ್ 2024ರಲ್ಲಿ ಕೈಬದಲಾದ ಮೇಲೆ, ಅದನ್ನು ನಂಬಿದ್ದ ತಾಣಗಳ ಓದುಗರನ್ನು ಬೇರೆ ಕಡೆ ಎಳೆದೊಯ್ಯುವ ಸ್ಕ್ರಿಪ್ಟ್ ಹಂಚಿತು. ಎಷ್ಟು ಜನ ಬಂದರೆಂಬುದು ಹೋಸ್ಟಿಂಗ್‌ನ ಲಾಗ್‌ನಲ್ಲೇ ಸಿಗುತ್ತದೆ.

ಯೂಟ್ಯೂಬ್ ಎಂಬೆಡ್‌ಗಳ (ಪುಟದೊಳಗೇ ಕೂರಿಸಿದ ವಿಡಿಯೊಗಳ) ತೊಂದರೆ ಬೇರೆ. ಯಾರೂ ಪ್ಲೇ ಒತ್ತದಿದ್ದರೂ ಪ್ಲೇಯರ್‌ನ ಭಾರಿ ಜಾವಾಸ್ಕ್ರಿಪ್ಟ್ ಇಳಿಯುತ್ತದೆ, ಕಡಿಮೆ ಬೆಲೆಯ ಫೋನಿನ ಪ್ರೊಸೆಸರ್ ಅದನ್ನು ಓಡಿಸುವಾಗ ಪುಟ ಸರಾಗವಾಗಿ ಸರಿಯುವುದಿಲ್ಲ. ವಿಡಿಯೊದ ಮುಖಚಿತ್ರವನ್ನು 480×360 ಅಳತೆಯಲ್ಲಿ ನಿಮ್ಮ ತಾಣದಲ್ಲೇ ಇಟ್ಟು, ಅದಕ್ಕೆ ವಿಡಿಯೊದ ಕೊಂಡಿ ಕೊಡಿ. ಚಿತ್ರದ ಟ್ಯಾಗ್‌ನಲ್ಲಿ ಅಗಲ, ಎತ್ತರ ಬರೆಯಲು ಮರೆಯಬೇಡಿ; ಇಲ್ಲವಾದರೆ ಚಿತ್ರ ಬಂದಾಗ ಓದುತ್ತಿದ್ದ ಸಾಲು ಕೆಳಗೆ ಜಿಗಿಯುತ್ತದೆ. ಎಂಬೆಡ್ ಬೇಕೇಬೇಕೆಂದರೆ ಅದರ ಐಫ್ರೇಮ್ ಟ್ಯಾಗ್‌ಗೆ ‘ಲೋಡಿಂಗ್’ ಗುಣದಲ್ಲಿ ‘ಲೇಜಿ’ ಎಂದು ಹಾಕಿ. ಇದರ ಪ್ರಯೋಜನ ಪುಟದ ಕೆಳಭಾಗದ ವಿಡಿಯೊಗಳಿಗೆ ಮಾತ್ರ. ಫೇಸ್‌ಬುಕ್ ಪೆಟ್ಟಿಗೆಯ ಜಾಗದಲ್ಲಿ ಒಂದು ಸಾದಾ ಕೊಂಡಿ ಸಾಕು.

ಪ್ರಶ್ನೆ: ಕವಿತೆಗಳ ತಾಣಕ್ಕೆ ಗೂಗಲ್ ಫಾಂಟ್ಸ್‌ನಿಂದ ನೋಟೊ ಸೆರಿಫ್ ಕನ್ನಡ ಬಳಸುತ್ತಿದ್ದೇನೆ. ಬೇರೆ ತಾಣಗಳೂ ಅದನ್ನೇ ಬಳಸುವುದರಿಂದ ಓದುಗರ ಬ್ರೌಸರ್‌ನಲ್ಲಿ ಮೊದಲೇ ಇರುತ್ತದೆ, ಭಾರವಾಗದು ಎನ್ನುತ್ತಾರೆ. ನಿಜವೆ?
– ಓದುಗರು, ಪುಣೆ

ಉತ್ತರ: ಹಿಂದೊಮ್ಮೆ ನಿಜವಾಗಿತ್ತು. ಈಗ ಬ್ರೌಸರ್‌ಗಳು ಒಂದೊಂದು ತಾಣಕ್ಕೂ ಕ್ಯಾಶನ್ನು ಪ್ರತ್ಯೇಕವಾಗಿ ಇಡುತ್ತವೆ: ಕ್ರೋಮ್ 2020ರಿಂದ, ಫೈರ್‌ಫಾಕ್ಸ್ 2021ರಿಂದ, ಸಫಾರಿ ಇನ್ನೂ ಮೊದಲಿನಿಂದ. ಹಾಗಾಗಿ ನಿಮ್ಮ ತಾಣಕ್ಕೆ ಮೊದಲ ಬಾರಿ ಬಂದವರು ಫಾಂಟನ್ನು ಹೊಸದಾಗಿಯೇ ಇಳಿಸಿಕೊಳ್ಳುತ್ತಾರೆ. ಅದೂ ಎರಡು ಡೊಮೇನ್‌ಗಳಿಂದ, ಒಂದರಿಂದ ಸಿಎಸ್‌ಎಸ್ (ಪುಟದ ರೂಪ ಹೇಳುವ ಫೈಲ್), ಇನ್ನೊಂದರಿಂದ ಫಾಂಟ್ ಫೈಲ್.

ಈ ಫಾಂಟಿನ ಪರವಾನಗಿ ಮುಕ್ತವಾದದ್ದು. ವೋಫ್2 (ಜಾಲತಾಣಗಳಿಗೆಂದು ಕುಗ್ಗಿಸಿದ ಫಾಂಟ್ ಫೈಲ್) ರೂಪದಲ್ಲಿ ನಿಮ್ಮ ಸರ್ವರ್‌ನಲ್ಲೇ ಇಡಿ. ಸಿಎಸ್‌ಎಸ್‌ನ ‘ಫಾಂಟ್ ಡಿಸ್‌ಪ್ಲೇ’ಗೆ ‘ಸ್ವಾಪ್’ ಎಂದು ಕೊಟ್ಟರೆ ಫಾಂಟ್ ಬರುವವರೆಗೆ ಫೋನಿನ ಸ್ವಂತ ಕನ್ನಡ ಅಕ್ಷರದಲ್ಲಿ ಕವಿತೆ ಕಾಣುತ್ತದೆ. ಗಾತ್ರ ಕುಗ್ಗಿಸಲು ಬೇಡದ ಅಕ್ಷರಗಳನ್ನು ಕತ್ತರಿಸುವವರು ಎಚ್ಚರದಿಂದಿರಬೇಕು. ಒತ್ತಕ್ಷರಗಳಿಗೆ ಪ್ರತ್ಯೇಕ ಯೂನಿಕೋಡ್ ಸಂಖ್ಯೆಯಿಲ್ಲ. ಅವು ಫಾಂಟಿನೊಳಗಿನ ಲೇಔಟ್ ನಿಯಮಗಳಿಂದ ಮೂಡುತ್ತವೆ. ಆ ನಿಯಮಗಳನ್ನೂ ಕತ್ತರಿಸುವ ಉಪಕರಣ ಬಳಸಿದರೆ ‘ರಾಷ್ಟ್ರ’, ‘ಲಕ್ಷ್ಮಿ’ ಒಡೆದು ಬೀಳುತ್ತವೆ. ಕನ್ನಡದ ಬ್ಲಾಕ್ ಜೊತೆಗೆ ಅಗಲವಿಲ್ಲದ ಎರಡು ಚಿಹ್ನೆಗಳನ್ನೂ (ಯೂನಿಕೋಡ್ ಸಂಖ್ಯೆ 200ಸಿ, 200ಡಿ) ಉಳಿಸಿಕೊಳ್ಳಿ. ‘ಫೇಸ್‌ಬುಕ್’, ‘ರ‍್ಯಾಂಕ್’ ಸರಿಯಾಗಿ ಮೂಡಲು ಅವು ಬೇಕು. ಈ ನಾಲ್ಕು ಪದಗಳನ್ನು ಒಂದು ಪುಟದಲ್ಲಿ ಬರೆದು, ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ನೋಡಿದ ಮೇಲೆಯೇ ಪ್ರಕಟಿಸಿ.

ಪ್ರಶ್ನೆ: ಹಂಚಿಕೆಯ ಬಟನ್‌ಗಳ ವಿಜೆಟ್ ತೆಗೆದರೆ ಓದುಗರು ವಾಟ್ಸಾಪ್‌ನಲ್ಲಿ ಹಂಚುವುದು ಹೇಗೆ?
– ಓದುಗರು, ವಾಸ್ಕೊ, ಗೋವಾ

ಉತ್ತರ: ಸ್ಕ್ರಿಪ್ಟ್ ಬೇಕಿಲ್ಲ. ವಾಟ್ಸಾಪ್‌ನ ‘ಡಬ್ಲ್ಯುಎ ಡಾಟ್ ಎಂಇ’ ವಿಳಾಸಕ್ಕೆ ‘ಟೆಕ್ಸ್ಟ್’ ಎಂಬ ಭಾಗದಲ್ಲಿ ನಿಮ್ಮ ಪುಟದ ಶೀರ್ಷಿಕೆ, ವಿಳಾಸ ಸೇರಿಸಿ ಸಾದಾ ಕೊಂಡಿ ಮಾಡಿ. ಶೀರ್ಷಿಕೆಯನ್ನು ಯುಆರ್‌ಎಲ್ ಎನ್‌ಕೋಡ್ ಮಾಡಿಯೇ (ವಿಶೇಷ ಚಿಹ್ನೆಗಳನ್ನು % ಸಂಕೇತಗಳಾಗಿ ಬದಲಿಸಿ) ಹಾಕಿ. ಹಾಗೆಯೇ ಬಿಟ್ಟರೆ, ಅದರಲ್ಲಿ & ಅಥವಾ # ಇದ್ದಾಗ ಅಲ್ಲಿಂದ ಮುಂದಿನದೆಲ್ಲ ಕತ್ತರಿಸಿಹೋಗಿ, ಸಂದೇಶದಲ್ಲಿ ನಿಮ್ಮ ಪುಟದ ವಿಳಾಸವೇ ಇರುವುದಿಲ್ಲ.