ಚಿಕ್ಕ ಗೇಮ್ ಅಂಗಡಿಯಲ್ಲಿ ಹಳೆ ಪಿಎಸ್4 ತಗೊಳ್ಳಬಹುದಾ?

ನಿಮ್ಮೂರಿನ ಒಂದು ಚಿಕ್ಕ ವಿಡಿಯೋ ಗೇಮ್ ಅಂಗಡಿಯವರು ಹಳೆ ಪಿಎಸ್4 (ಸೋನಿಯವರ ಪ್ಲೇಸ್ಟೇಷನ್ 4 ಅನ್ನೋ ಗೇಮ್ ಮಷೀನ್) ಅನ್ನು 16,000ಕ್ಕೆ ಕೊಡ್ತೀವಿ ಅಂದಿದ್ದಾರೆ, ನಂಬಬಹುದಾ, ಇಂಥ ಅಂಗಡಿಗಳ ಅನುಭವ ಹೇಗಿರುತ್ತೆ ಅಂತ ಕೇಳಿದ್ದೀರಿ. ನಂಬಬಹುದು. ಆದರೆ ಮೊದಲು ಆ ಅಂಗಡಿಯಲ್ಲಿ ಗಿರಾಕಿ ಕೂರೋಕೆ ಒಂದು ಸ್ಟೂಲ್ ಇದೆಯಾ ನೋಡಿ. ತಮಾಷೆಗೆ ಹೇಳುತ್ತಿಲ್ಲ.

ನಾನು ಮೈಸೂರಿನವನು. ಶಿವರಾಂಪೇಟೆ ಕಡೆ ಒಂದು ಅಂಗಡಿ ಇತ್ತು. ಇಬ್ಬರು ಒಳಗೆ ನಿಂತರೆ ಮೂರನೆಯವನು ಫುಟ್‌ಪಾತಲ್ಲೇ ನಿಲ್ಲಬೇಕು, ಅಷ್ಟೇ ಜಾಗ. 2007ರಲ್ಲಿ ಅಪ್ಪನ ಕೈ ಹಿಡಿದು ಎಳೆದುಕೊಂಡು ಹೋಗಿ ಪಿಎಸ್2 ಸ್ಲಿಮ್ ತಗೊಂಡಿದ್ದು ಅಲ್ಲೇ. ಅಂಗಡಿಯಣ್ಣ ಕೇಳಿದ ಮೊದಲ ಪ್ರಶ್ನೆ, 'ಚಿಪ್ ಹಾಕಿರೋದು ಬೇಕಾ, ಹಾಕದೇ ಇರೋದಾ?' ಚಿಪ್ ಅಂದರೆ ಒಳಗಿನ ಬೋರ್ಡಿಗೆ ಬೆಸುಗೆ ಹಾಕಿ ಕೂರಿಸುವ ಪುಟ್ಟ ಚೂರು. ಹಾಕಿರುವುದು ಅಸಲಿ ಡಿಸ್ಕಾ ಅಂತ ಮಷೀನ್ ಮಾಡುವ ತಪಾಸಣೆಯನ್ನು ಅದು ತಪ್ಪಿಸುತ್ತೆ. ಆಗ ಕಾಪಿ ಡಿವಿಡಿಯೂ ಓಡುತ್ತೆ. ಅಸಲಿಗೆ ಸಾವಿರದ ಮೇಲೆ ಕೊಡಬೇಕಿತ್ತು, ಕಾಪಿ ನೂರಕ್ಕೆ ಸಿಗುತ್ತಿತ್ತು. ಅಪ್ಪ ಯಾವುದು ಆರಿಸಿದರು ಅಂತ ಬಿಡಿಸಿ ಹೇಳಬೇಕಿಲ್ಲ. ಅದು ಕಳ್ಳಮಾಲು ಅಂತ ಆಗ ನಮ್ಮ ಬೀದಿಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಈಗ ಹೇಳಿಕೊಳ್ಳೋಕೆ ಸ್ವಲ್ಪ ಮುಜುಗರ.

ಆಡಿ ಬೇಜಾರಾದ ಡಿವಿಡಿ ವಾಪಸ್ ಕೊಟ್ಟು ಮೇಲೆ 30 ರೂಪಾಯಿ ಕೊಟ್ಟರೆ ಇನ್ನೊಂದು. ಹೀಗೆ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಕ್ಲಾಸು ಅಲ್ಲೇ ಇರುತ್ತಿತ್ತು. ಗೀಚಿಹೋದ ಡಿಸ್ಕಿಗೆ ಟೂತ್‌ಪೇಸ್ಟ್ ಉಜ್ಜಿ ತರೋರು, 'ಇದು ಹೀಗೇ ಇತ್ತು ಅಣ್ಣ' ಅಂತ ಆಣೆ ಹಾಕೋರು. ಅಣ್ಣ ಡಿಸ್ಕ್ ಮೂಗಿನ ಹತ್ತಿರ ಹಿಡಿದು, 'ಪೆಪ್ಸೊಡೆಂಟಾ, ಕೋಲ್ಗೇಟಾ?' ಅಂತ ಕೇಳುತ್ತಿದ್ದ.

2009ರಲ್ಲಿ ದೇಸಿ ಅಡ್ಡಾ ಅಂತ ಒಂದು ಗೇಮ್ ಬಂತು. ನಮ್ಮ ದೇಶದಲ್ಲೇ ಮಾಡಿದ್ದು. ಕಬಡ್ಡಿ, ಚಿನ್ನಿದಾಂಡು, ಗಾಳಿಪಟ ಎಲ್ಲ ಇತ್ತು. ಅದನ್ನು ಅಣ್ಣ ಗಾಜಿನ ಪೆಟ್ಟಿಗೆಯಲ್ಲಿ ಮುಂದೆ ಇಟ್ಟಿದ್ದ. ಮೊಮ್ಮಗನ ಜೊತೆ ಬಂದಿದ್ದ ಒಬ್ಬ ತಾತ ಅದರ ಹಿಂದಿನ ಚಿತ್ರ ನೋಡಿ, 'ಚಿನ್ನಿದಾಂಡು ಆಡೋಕೂ ದುಡ್ಡು ಕೊಡಬೇಕೇನಪ್ಪಾ?' ಅಂದರು. ತಿಂಗಳುಗಟ್ಟಲೆ ಅದು ಅಲ್ಲೇ ಇತ್ತು.

ಇನ್ನು ನಿಮ್ಮ ಪಿಎಸ್4 ವಿಷಯ. ನಮ್ಮ ದೇಶಕ್ಕೆ ಅದು ಬಂದಿದ್ದು 2014ರ ಜನವರಿಯಲ್ಲಿ, 39,990ಕ್ಕೆ. ಆಗ ನನ್ನ ಕೈಯಲ್ಲಿ ಆಗಲಿಲ್ಲ. 2019ರಲ್ಲಿ ಅದೇ ಅಂಗಡಿಗೆ ಹೋಗಿ ಹಳೆಯದು ಕೇಳಿದೆ. ಅಣ್ಣ ಮಷೀನ್ ತೋರಿಸುವುದಕ್ಕೂ ಮೊದಲು ಸ್ಟೂಲ್ ತಳ್ಳಿ, 'ಒಂದು ಗಂಟೆ ಟೈಮ್ ಇದೆಯಾ? ಇಲ್ಲಾಂದ್ರೆ ನಾಳೆ ಬಾ' ಅಂದ. ಆ ಒಂದು ಗಂಟೆಯಲ್ಲಿ ಕಲಿತಷ್ಟು ನೂರು ಯೂಟ್ಯೂಬ್ ವಿಡಿಯೋ ನೋಡಿದರೂ ಕಲಿಯುತ್ತಿರಲಿಲ್ಲ.

ಮೊದಲು ಒಂದು ಭಾರಿ ಗೇಮ್ ಹಾಕಿ ಸುಮ್ನೆ ಓಡಲು ಬಿಟ್ಟ. ಐದು ನಿಮಿಷಕ್ಕೆಲ್ಲ ಎಲ್ಲ ಮಷೀನೂ ಚೆನ್ನಾಗೇ ಇರುತ್ತೆ, ಅರ್ಧ ಗಂಟೆ ಆದ ಮೇಲೆ ಫ್ಯಾನು ಮಿಕ್ಸಿ ಥರ ಅರಚಿದರೆ ಒಳಗೆ ಧೂಳು ತುಂಬಿದೆ, ಇಲ್ಲಾ ಚಿಪ್ಪಿನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದೆ ಅಂತ ಅರ್ಥ. ಅದು ದೊಡ್ಡ ರೋಗವಲ್ಲ, ಸರ್ವಿಸ್ ಮಾಡಿಸಿದರೆ ಸರಿಹೋಗುತ್ತೆ. ಬೆಲೆ ಇಳಿಸೋಕೆ ಒಳ್ಳೇ ಕಾರಣ, ಅಷ್ಟೇ. ಆಮೇಲೆ ಟಿವಿಗೆ ಹೋಗುವ ಎಚ್‌ಡಿಎಂಐ ವೈರನ್ನು ಮೆಲ್ಲಗೆ ಅಲ್ಲಾಡಿಸಿದ. ಚಿತ್ರ ಹೋಗಿ ಬಂದರೆ ಪೋರ್ಟ್ ಸಡಿಲ.

ಆಮೇಲೆ ಡಿಸ್ಕ್ ಹಾಕಿ ಗೇಮ್ ಓಡಿಸಿ ತೋರಿಸಿದ. ಇದನ್ನು ಮಾತ್ರ ಬಿಡಲೇಬೇಡಿ. ಮೊದಮೊದಲು ಬಂದ ಪಿಎಸ್4ಗಳಲ್ಲಿ ಡಿಸ್ಕ್ ಡ್ರೈವಿನ ಚಿಕ್ಕ ಬೋರ್ಡಿಗೂ ಮದರ್‌ಬೋರ್ಡಿಗೂ ಒಂದನ್ನೊಂದು ಗುರುತಿಸುವ ಹಾಗೆ ಕಾರ್ಖಾನೆಯಲ್ಲೇ ಗಂಟು ಹಾಕಿರುತ್ತಾರೆ. ಕೆಟ್ಟ ಡ್ರೈವ್ ತೆಗೆದು ಇನ್ನೊಂದರದ್ದು ಹಾಗೇ ತಂದು ಹಾಕಿದರೆ ಮಷೀನ್ ಆನ್ ಆಗುತ್ತೆ, ಒಳಗಿರುವ ಡಿಜಿಟಲ್ ಗೇಮ್ ಓಡುತ್ತೆ, ಡಿಸ್ಕ್ ಗೇಮ್ ಮಾತ್ರ ಓಡಲ್ಲ. ರಿಪೇರಿ ಗೊತ್ತಿರುವವರು ಹಳೇ ಬೋರ್ಡನ್ನೇ ಹೊಸ ಡ್ರೈವಿಗೆ ಕೂರಿಸುತ್ತಾರೆ. ಗೊತ್ತಿಲ್ಲದವರು ಹಾಗೇ ಮಾರಿಬಿಡುತ್ತಾರೆ. ಅಂಗಡಿಯವರು ಬರೀ ಮೆನು ತೋರಿಸಿ 'ನೋಡಿ ಸಾರ್, ಪಕ್ಕಾ ಕಂಡೀಷನ್' ಅಂದರೆ ಅನುಮಾನ ಪಡಿ.

ಕೊನೆಗೆ ನನ್ನ ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿಸಿ ನನ್ನದೇ ಅಕೌಂಟಲ್ಲಿ ಲಾಗಿನ್ ಮಾಡಿಸಿದ. ಸೋನಿಯವರು ಬ್ಯಾನ್ ಮಾಡಿದ ಮಷೀನ್ ಆಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ. 'ಇದರಲ್ಲಿ 60 ಗೇಮ್ ಫ್ರೀ ಹಾಕಿದೀವಿ' ಅಂತ ಯಾರಾದರೂ ಆಸೆ ತೋರಿಸಿದರೆ ಅದು ಬಹುಶಃ ಜೈಲ್‌ಬ್ರೇಕ್ ಮಾಡಿದ್ದು, ಅಂದರೆ ಸೋನಿಯವರ ಬೀಗ ಒಡೆದು ಕಳ್ಳ ಗೇಮ್ ತುಂಬಿದ್ದು. ಹಳೇ ಸಾಫ್ಟ್‌ವೇರ್‌ನಲ್ಲೇ ನಿಲ್ಲಿಸಿರುತ್ತಾರೆ, ಆನ್‌ಲೈನ್ ಆಟ ಮರೆತುಬಿಡಿ.

ನನಗೆ ಕೈಕೊಟ್ಟಿದ್ದು ಬೆಂಗಳೂರಿನ ಒಂದು ಅಂಗಡಿ. ಹೆಸರು ಬೇಡ. ಎರಡನೇ ರಿಮೋಟ್ ಬೇಕಿತ್ತು (ಕಂಟ್ರೋಲರ್‌ಗೆ ನಾವು ರಿಮೋಟ್ ಅಂತಲೇ ಅನ್ನೋದು). 'ಒರಿಜಿನಲ್' ಅಂತ ಸೀಲ್ ಮಾಡಿದ ಡಬ್ಬ ಕೊಟ್ಟರು. ತೆರೆದು ನೋಡೋಣ ಅಂದರೆ, 'ಸೀಲ್ ಒಡೆದ್ರೆ ತಗೊಳ್ಳಲೇಬೇಕು' ಅಂದರು. ಹಿಂದೆ ಜನ ನೂಕುತ್ತಿದ್ದರು. ದುಡ್ಡು ಕೊಟ್ಟು ಬಂದೆ. ಮನೆಯಲ್ಲಿ ನೋಡಿದರೆ ಹೆಡ್‌ಫೋನ್ ಹಾಕಿದರೆ ಸದ್ದೇ ಇಲ್ಲ, ಟಚ್‌ಪ್ಯಾಡ್ ಒತ್ತಿದರೆ ಕೆಲಸ ಮಾಡುತ್ತೆ, ಸವರಿದರೆ ಇಲ್ಲ. ಫಸ್ಟ್ ಕಾಪಿ, ಅಂದರೆ ಅಸಲಿ ಥರವೇ ಕಾಣುವ ನಕಲಿ. ಬಿಲ್ ನೋಡಿದೆ. 'ರಿಮೋಟ್ - 1' ಅಂತಷ್ಟೇ ಬರೆದಿತ್ತು. ವಾಪಸ್ ಹೋದಾಗ ಅದನ್ನೇ ನನ್ನ ಮುಂದೆ ಹಿಡಿದರು, 'ಒರಿಜಿನಲ್ ಅಂತ ಎಲ್ಲಿ ಬರ್ದಿದೀವಿ?' ಅಂಗಡಿ ದೊಡ್ಡದಾಗಿತ್ತು, ಎಸಿ ಇತ್ತು, ಕೂರೋಕೆ ಏನೂ ಇರಲಿಲ್ಲ.

ಹಾಗಂತ ಮೋಸ ಯಾವಾಗಲೂ ಕೌಂಟರಿನ ಆ ಕಡೆಯೇ ಇರುತ್ತೆ ಅನ್ನಬೇಡಿ. ಒಂದು ದಿನ ನಾನು ಸ್ಟೂಲ್ ಮೇಲೆ ಕೂತಿದ್ದಾಗ ಪಿಯುಸಿ ಹುಡುಗನೊಬ್ಬ ರೆಡ್ ಡೆಡ್ ರಿಡೆಂಪ್ಷನ್ 2 ಅನ್ನೋ ಗೇಮ್ ಎಕ್ಸ್‌ಚೇಂಜಿಗೆ ತಂದ. ಅಣ್ಣ ಡಬ್ಬ ತೆರೆದ. ಪಿಎಸ್4ಗೆ ಅದು ಎರಡು ಡಿಸ್ಕಲ್ಲಿ ಬರುತ್ತೆ, ಒಂದು ಇನ್‌ಸ್ಟಾಲ್ ಮಾಡೋಕೆ, ಇನ್ನೊಂದು ಆಡೋಕೆ. ಒಳಗೆ ಒಂದೇ ಇತ್ತು.

'ಇನ್ನೊಂದು ಎಲ್ಲಿ ಮರಿ?'

'ಅದು ಇನ್‌ಸ್ಟಾಲ್ ಆದ್ಮೇಲೆ ಬೇಡ ಅಲ್ವಾ ಅಣ್ಣ? ತಮ್ಮಂಗೆ ಆಟ ಆಡೋಕೆ ಕೊಟ್ಟೆ.'

ಅಣ್ಣ ಬೈಯಲಿಲ್ಲ. 'ಹೋಗಿ ತಮ್ಮನ್ ಕೈಯಿಂದ ಇಸ್ಕೊಂಡು ಬಾ, 1,400 ಕೊಡ್ತೀನಿ. ಇದೊಂದೇ ಆದ್ರೆ ಟೀ ಲೋಟ ಇಡೋಕೆ ಆಗುತ್ತೆ' ಅಂದ. ಹುಡುಗ ಅರ್ಧ ಗಂಟೆಗೆ ಏದುಸಿರು ಬಿಡುತ್ತಾ ಬಂದ. ಡಿಸ್ಕ್ ಮೇಲೆ ಪೆನ್ನಲ್ಲಿ ಸೂರ್ಯನ ಚಿತ್ರ ಇತ್ತು. ಅದೃಷ್ಟಕ್ಕೆ ಲೇಬಲ್ ಇರುವ ಕಡೆ ಬರೆದಿದ್ದ. 1,400 ಸಿಕ್ಕಿತು.

ಈ ಎಕ್ಸ್‌ಚೇಂಜ್ ಇರೋದರಿಂದಲೇ ಚಿಕ್ಕ ಅಂಗಡಿ ನನಗೆ ಇಷ್ಟ. 2,800ಕ್ಕೆ ತಗೊಂಡ ಗೇಮನ್ನು 20 ದಿನ ಆಡಿ 2,200ಕ್ಕೆ ವಾಪಸ್ ಕೊಟ್ಟಿದ್ದೇನೆ. ಡಿಜಿಟಲ್ ಆಗಿ ಕೊಂಡರೆ ಇದೆಲ್ಲ ಇಲ್ಲ. ಒಂದೇ ಎಚ್ಚರಿಕೆ. ಡಿಸ್ಕ್ ಯಾವ ದೇಶದ್ದಾದರೂ ಪಿಎಸ್4ರಲ್ಲಿ ಓಡುತ್ತೆ, ಆದರೆ ಆಮೇಲೆ ದುಡ್ಡು ಕೊಟ್ಟು ಇಳಿಸಿಕೊಳ್ಳುವ ಗೇಮಿನ ಹೆಚ್ಚುವರಿ ಭಾಗ (ಡಿಎಲ್‌ಸಿ) ನಿಮ್ಮ ಅಕೌಂಟಿನ ರೀಜನ್‌ಗೂ ಡಿಸ್ಕಿನ ರೀಜನ್‌ಗೂ ಹೊಂದಬೇಕು. ಅಮೆರಿಕದಿಂದ ಬಂದ ಡಿಸ್ಕ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡು, ಇಲ್ಲಿನ ಅಕೌಂಟಲ್ಲಿ ಡಿಎಲ್‌ಸಿ ಕೊಂಡು ನಾನು ದುಡ್ಡು ಕಳೆದುಕೊಂಡಿದ್ದೇನೆ. ಅಣ್ಣನನ್ನು ಮೊದಲೇ ಒಂದು ಮಾತು ಕೇಳಿದ್ದರೆ ಆಗಿತ್ತು.

ನೀವು ಹೇಳಿದ 16,000 ಜಾಸ್ತಿಯಾ ಕಡಿಮೆಯಾ ಅನ್ನೋದು ಮಾಡೆಲ್ ಮೇಲೆ ಹೋಗುತ್ತೆ. ಮಷೀನ್ ತಿರುಗಿಸಿ ನೋಡಿ, ಸಿಯುಎಚ್ ಅಂತ ಶುರುವಾಗುವ ನಂಬರ್ ಇರುತ್ತೆ. ಅದು 10, 11, 12ರಿಂದ ಶುರುವಾದರೆ ಮೊದಲು ಬಂದ ದಪ್ಪನೆಯದು, ನಾನಾಗಿದ್ದರೆ ಅದಕ್ಕೆ ಅಷ್ಟು ಕೊಡುತ್ತಿರಲಿಲ್ಲ. 20, 21, 22 ಆದರೆ ಆಮೇಲೆ ಬಂದ ತೆಳ್ಳಗಿನ ಸ್ಲಿಮ್. 70, 71, 72 ಆದರೆ ಪ್ರೋ, ಇದ್ದುದರಲ್ಲಿ ಹೆಚ್ಚು ಶಕ್ತಿಯದ್ದು, ಅದಾದರೆ ಈ ಬೆಲೆಗೆ ಯೋಚನೆ ಮಾಡಬಹುದು. ಆ ನಂಬರ್ ಇಲ್ಲಿ ಹಾಕಿ, ನೋಡೋಣ. ಅಂಗಡಿಗೆ ಭಾನುವಾರ ಸಂಜೆ ಮಾತ್ರ ಹೋಗಬೇಡಿ. ಹುಡುಗರ ಜಾತ್ರೆ ಇರುತ್ತೆ, ನಿಮಗೆ ಒಂದು ಗಂಟೆ ಟಿವಿ ಬಿಟ್ಟುಕೊಡೋದು ಪಾಪ ಅವರಿಗೂ ಕಷ್ಟ.