ಹತ್ತಿರ ಬಂದರೆ ಉಸಿರು ಕಟ್ಟುತ್ತದೆ, ದೂರವಾದರೆ ಜೀವ ಹಂಬಲಿಸುತ್ತದೆ

ಪ್ರಶ್ನೆ: ನನಗೆ 27 ವರ್ಷ. ಬಾಗಲಕೋಟೆಯ ನವನಗರದಲ್ಲಿ ಬಾಡಿಗೆ ರೂಮು, ಕೆಲಸವೂ ಅಲ್ಲೇ. ಐದು ತಿಂಗಳಿಂದ ವಿಜಯಪುರದ ಒಬ್ಬರ ಜೊತೆ ಸಲಿಗೆ. ಭಾನುವಾರ ಗೋಳಗುಮ್ಮಟದ ಹುಲ್ಲಿನ ಮೇಲೆ ಕೂತು ಮಾತಾಡುವಾಗ ಎಲ್ಲ ಚಂದ. ವಾಪಸ್ ಬಂದು ಬಸ್ಸಿಳಿಯುವಷ್ಟರಲ್ಲಿ ಅವರ ನಗು, ಊಟ ಮಾಡುವ ರೀತಿ ಎಲ್ಲಾ ಕಿರಿಕಿರಿ. ಮೂರ್ನಾಲ್ಕು ದಿನ ಫೋನ್ ಎತ್ತುವುದಿಲ್ಲ. ಅವರು ಸುಮ್ಮನಾದರೆ ಮತ್ತೆ ಹಂಬಲ. ಹೋದ ವಾರ ಅವರು ‘ನಿನ್ನ ಬಿಟ್ಟು ಇರಾಕ ಆಗೂದಿಲ್ಲ’ ಅಂದಾಗಿನಿಂದ ಉಸಿರು ಕಟ್ಟಿದಂತಾಗಿದೆ. ಇದು ಪ್ರೀತಿಯೇ ಅಲ್ಲವೇ?
— ಹೆಸರು ಬೇಡ, ಬಾಗಲಕೋಟೆ

ಉತ್ತರ: ಕಿರಿಕಿರಿ ಯಾವಾಗ ಶುರುವಾಗುತ್ತದೆ ನೋಡಿ. ಜಗಳವಾದ ಮೇಲಲ್ಲ, ಚಂದದ ಭಾನುವಾರದ ಮೇಲೆ. ಆಪ್ತತೆ ಹೆಚ್ಚಿದಾಗ ಹೆದರಿದ ಮನಸ್ಸು ತಪ್ಪು ಹುಡುಕಿ ಅಂತರ ಮಾಡಿಕೊಳ್ಳುತ್ತದೆ. ಮಗು ಮತ್ತು ಪೋಷಕರ ಬಾಂಧವ್ಯದ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದನ್ನು 1987ರಲ್ಲಿ ಹೇಜನ್ ಮತ್ತು ಶೇವರ್ ಎಂಬ ಮನೋವಿಜ್ಞಾನಿಗಳು ದೊಡ್ಡವರ ಪ್ರೇಮಕ್ಕೂ ಹೊಂದಿಸಿ ನೋಡಿದರು. ಹತ್ತಿರವಾಗಲು ಹಿಂಜರಿಯುವುದು ಅವರು ಗುರುತಿಸಿದ ಮೂರು ಬಗೆಗಳಲ್ಲಿ ಒಂದು. ಅದು ರೋಗವಲ್ಲ, ಬದಲಾಗದ ಹಣೆಬರಹವೂ ಅಲ್ಲ.

ಆದರೆ ದೂರದ ಹಂಬಲವೊಂದನ್ನೇ ನಂಬಬೇಡಿ, ಒಂಟಿತನಕ್ಕೂ ಹಂಬಲ ಬರುತ್ತದೆ. ಎದುರಿಗಿದ್ದಾಗಲೂ ನೆಮ್ಮದಿ ಇದ್ದರೆ, ನೀವು ದೂರ ಸರಿಯಲು ಭಯವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಎದುರಿಗೂ ಬೇಸರ, ದೂರವಿದ್ದರೆ ಬರೀ ಹಗುರ ಎನಿಸಿದರೆ ಮನಸ್ಸಿಲ್ಲವೆಂದೇ ಅರ್ಥ. ಹಾಗಿದ್ದರೆ ಸ್ಪಷ್ಟವಾಗಿ ಹೇಳಿಬಿಡಿ.

ನಿಮ್ಮ ನಿಜವಾದ ತೊಂದರೆ ಆ ಮೂರ್ನಾಲ್ಕು ದಿನದ ಮೌನ. ಕಾರಣ ತಿಳಿಯದ ಅವರು ಮೇಲಿಂದ ಮೇಲೆ ಫೋನ್ ಮಾಡುತ್ತಾರೆ, ಅದರಿಂದ ನಿಮಗೆ ಇನ್ನಷ್ಟು ಇಕ್ಕಟ್ಟು, ನೀವು ಇನ್ನಷ್ಟು ದೂರ. ಏಕಾಂತ ಬೇಕಾದರೆ ತೆಗೆದುಕೊಳ್ಳಿ, ಮರಳುವ ಹೊತ್ತು ಹೇಳಿ ತೆಗೆದುಕೊಳ್ಳಿ: ‘ಇವತ್ತ ಒಬ್ಬಾಕಿನ ಇರ್ತೀನಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲ. ನಾಳೆ ಸಂಜಿ ಏಳಕ್ಕ ನಾನ ಫೋನ್ ಮಾಡ್ತೀನಿ.’ ಏಳಕ್ಕೆ ಮಾಡಲೇಬೇಕು, ಎರಡು ನಿಮಿಷ ಮಾತಾಡಿದರೂ ಆದೀತು. ‘ಬಿಜಿ ಇದ್ದೀನಿ’ ಎನ್ನುವುದು ಕೆಲಸಕ್ಕೆ ಬಾರದು.

ಭಾನುವಾರ ರಾತ್ರಿ ಸಂಬಂಧದ ತೀರ್ಮಾನ ಬೇಡ. ಕಿರಿಕಿರಿಯನ್ನು ಬರೆದಿಟ್ಟು ಬುಧವಾರ ಓದಿ. ಊಟ ಮಾಡುವ ರೀತಿ ಅಷ್ಟರಲ್ಲಿ ಸಣ್ಣದಾಗಿರುತ್ತದೆ. ಫೋನ್ ತಪಾಸಣೆ, ಬೈಗುಳ, ಬೇಡವೆಂದರೂ ಫೋಟೊ ಕೇಳುವುದು, ‘ಬಿಟ್ಟರೆ ಸಾಯ್ತೀನಿ’ ಎಂಬ ಬೆದರಿಕೆ ಆ ಪಟ್ಟಿಯಲ್ಲಿದ್ದರೆ ಅಲ್ಲಿ ಹಿಂದೆ ಸರಿಯುವುದೇ ಸರಿ, ಅದನ್ನು ನಿಮ್ಮ ಅಂಜುಬುರುಕತನ ಎಂದುಕೊಳ್ಳಬೇಡಿ.

ಇನ್ನೊಂದನ್ನು ಬೇರೆಯಾಗಿ ಎಣಿಸಿ. ಮನೆಯವರಿಗೆ ಗೊತ್ತಾದೀತು, ಜಾತಿ ಅಡ್ಡ ಬಂದೀತು, ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಕಂಡಾರು ಎಂಬ ಅಂಜಿಕೆ ನಮ್ಮ ಕಡೆ ಸುಳ್ಳೇನಲ್ಲ. ಅದಕ್ಕೆ ಉತ್ತರ ನಿಮ್ಮೊಳಗಿಲ್ಲ, ಇಬ್ಬರೂ ಕೂತು ಯೋಚಿಸಬೇಕಾದ್ದು.

‘ನಿನ್ನ ಬಿಟ್ಟು ಇರಾಕ ಆಗೂದಿಲ್ಲ’ ಎಂಬ ಅವರ ಮಾತಿಗೆ ತಕ್ಷಣ ಅಷ್ಟೇ ದೊಡ್ಡ ಮಾತು ತಿರುಗಿಸುವ ಸಾಲವೇನಿಲ್ಲ. ‘ನೀವಂದ್ರ ನಂಗ ಸೇರ್ತದ, ಭಾಳ ಹತ್ರ ಆದ್ರ ಅಂಜಿಕಿ ಬರ್ತದ, ಸಾವಕಾಶ ಹೋಗೂಣು’ ಎಂದರೆ ಸಾಕು. ಇದನ್ನು ಭೇಟಿಯ ಕೊನೆಗಲ್ಲ, ನಡುವೆ ಹೇಳಿ. ಹೇಳಿದ ಕೂಡಲೇ ಬಸ್ ಹತ್ತಿ ಓಡುವಂತಾಗಬಾರದು. ನಿದ್ದೆ, ಊಟ, ಕೆಲಸ ಕೆಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.